ಅಮ್ಮನ ತಲೆಯ ಮೇಲಿನ ಮಾತು

ಪ್ರಿಂಟಿಂಗ್ ಅಂಗಡಿಯ ಬೆಂಚಿನ ಮೇಲೆ ಮುದುಕ ದರ್ಜಿ ಶಿವನೇ ಎಂದು ತನ್ನ ಸರದಿ ಕಾಯುತ್ತಿದ್ದ. ಪಕ್ಕದಲ್ಲಿ ಅಕ್ಕ, ತಮ್ಮ. ಅಕ್ಕನ ಲ್ಯಾಪ್‌ಟಾಪಿನಲ್ಲಿ ಮನೆಯ ಫೋಟೋಗಳೆಲ್ಲ ಕಾಮಿಕ್ಸ್ ಚಿತ್ರಗಳಾಗಿ ಕುಳಿತಿದ್ದವು.

“ಅಪ್ಪನಿಗೆ ಇಷ್ಟು ದೊಡ್ಡ ಹೊಟ್ಟೆ ಇಟ್ಟಿದ್ದೀಯಲ್ಲೇ!”

“ನಾನಲ್ಲ ಕಣೋ, ಸಾಫ್ಟ್‌ವೇರ್ ಇಟ್ಟಿದ್ದು. ಮುಂದೆ ನೋಡು.”

ಕೊನೆಯ ಪುಟಕ್ಕೆ ಬಂದಾಗ ತಮ್ಮನ ನಗು ಆರಿಹೋಯಿತು.

“ಇದೇನಕ್ಕ, ಅಮ್ಮ ‘ನಿಮ್ಮದೇನೂ ತಪ್ಪಿಲ್ಲ ಕಣ್ರೀ’ ಅಂತಿದ್ದಾಳೆ? ಯಾವಾಗ ಅಂದ್ಳು?”

“ಅನ್ನೋಕೆ ಹೊತ್ತೆಲ್ಲಿತ್ತೋ? ಕಾರು ಮಗುಚಿದಲ್ಲೇ ಹೋಗ್ಬಿಟ್ಳು.”

“ಕಾರು ಓಡಿಸ್ತಿದ್ದದ್ದು ಅಪ್ಪ. ಸತ್ತೋಳ ಬಾಯಲ್ಲಿ ಸುಳ್ಳು ಹೇಳಿಸ್ತೀಯಾ? ಅಳಿಸು. ಅಮ್ಮನ ತಲೆ ಮೇಲಿನ ಮಾತಿನ ಗುಳ್ಳೆ ಖಾಲಿ ಇರಲಿ.”

“ಅಳಿಸ್ತೀನಿ. ‘ನಾನೇ ಕೊಂದೆ’ ಅಂತ ಊಟ ಬಿಟ್ಟು ಮಲಗಿದ್ದಾರೆ ಅಪ್ಪ. ಆ ಖಾಲಿ ಗುಳ್ಳೇಲಿ ಏನು ಓದ್ಕೋತಾರೆ, ನೀನೇ ಹೇಳು.”

ತಮ್ಮ ಕೊನೆಯ ಪುಟವನ್ನು ಮತ್ತೊಮ್ಮೆ ಓದಿದ. ದರ್ಜಿಯೂ ಅತ್ತ ಬಗ್ಗಿ ನೋಡಿದ.

“ಯಾರ್ರೀ ಕಾಮಿಕ್ಸಿನವರು? ಬನ್ನಿ!” ಎಂದು ಅಂಗಡಿಯವನು ಕೂಗಿದ.

ಎದ್ದವನು ತಮ್ಮನೇ. ಅಕ್ಕನ ತೊಡೆಯ ಮೇಲಿನ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಕೌಂಟರಿನ ಮೇಲಿಟ್ಟ.

“ಇದ್ದ ಹಾಗೇ ಪ್ರಿಂಟ್ ಹಾಕಿ. ಕೊನೇ ಪುಟದ ಅಕ್ಷರ ಮಾತ್ರ ಸ್ವಲ್ಪ ದೊಡ್ಡದು ಮಾಡಿ. ನಮ್ಮಪ್ಪನಿಗೆ ಕನ್ನಡಕ ಇಲ್ಲದೇನೂ ಕಾಣಬೇಕು.”