ಭಾವನ ಕೈಗುಣ

ಫ್ಯಾನ್ಸಿ ಅಂಗಡಿಯ ಸಾಲಿನಲ್ಲಿ ದಾರದ ರೀಲು ಹಿಡಿದು ನಿಂತಿದ್ದ ಟೈಲರನಿಗೆ, ಮುಂದೆ ನಿಂತಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ನಮ್ಮನೆ ಫ್ಲಶ್ ಸರಿಹೋಯ್ತು ಕಣೇ!” ಎಂದಳು ಅಕ್ಕ. “ತಿಂಗಳಿಂದ ಬಕೆಟ್ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿತ್ತು. ಈಗ ಒಂದೇ ಸಲಕ್ಕೆ ಭರ್ ಅಂತ ಎಲ್ಲಾ ಹೋಗುತ್ತೆ!”

“ಅಂತೂ ಪ್ಲಂಬರ್ ಬಂದ್ನಾ?”

“ಎಲ್ಲಿ ಬಂದ? ಇವತ್ತು ಬೆಳಗ್ಗೆ ನಾನೇ ಟ್ಯಾಂಕಿನ ಮುಚ್ಚಳ ತೆಗೆದೆ. ಒಳಗಿನ ಚೈನು ಜೋಲುಬಿದ್ದು, ತಳದ ರಬ್ಬರ್ ಬಿರಡೆ ಪೂರ್ತಿ ಏಳ್ತಾನೇ ಇರ್ಲಿಲ್ಲ. ಚೈನು ಮಡಚಿ, ತಲೇಲಿದ್ದ ಹೇರ್‌ಪಿನ್ ಸಿಗಿಸಿದೆ. ಅಷ್ಟೇ!”

“ಭಲೇ ಅಕ್ಕಾ! ಭಾವ ಏನಂದ್ರು?”

“ನಿನ್ನೆ ಅವರು ಟ್ಯಾಂಕಿಗೆ ಎರಡು ಸಲ ತಟ್ಟಿದ್ರು. ಇವತ್ತು ನೀರು ಹೋಗಿದ್ದೇ ತಡ, ‘ನೋಡ್ದೆಯಾ ನನ್ನ ಕೈಗುಣ!’ ಅಂತ ಕುಣಿದಾಡಿಬಿಟ್ರು. ಆ ಮುಖ ನೋಡಿ ನಿಜ ಹೇಳೋಕೆ ಮನಸ್ಸೇ ಬರ್ಲಿಲ್ಲ. ಈಗ ಪಕ್ಕದ ಮನೆ ಫ್ಲಶ್ ರಿಪೇರಿಗೆ ಹೋಗಿದ್ದಾರೆ!”

“ಅಯ್ಯಯ್ಯೋ, ಅಲ್ಲಿ ಮಾನ ಹೋಗುತ್ತಲ್ಲಕ್ಕಾ!”

ಅಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು.

“ಹೇಳ್ರೀ... ಸರಿಹೋಗ್ಲಿಲ್ವಾ? ನಮ್ಮನೇದೂ ಮಾರನೇ ದಿನ ತಾನೇ ಸರಿಹೋಗಿದ್ದು? ಇನ್ನೆರಡು ಸಲ ತಟ್ಟಿ, ನಾಳೆವರೆಗೂ ಕಾಯೋಕೆ ಹೇಳಿ ಬಂದ್ಬಿಡಿ.”

ಟೈಲರ್ ನಗು ನುಂಗಿಕೊಂಡು ರೀಲಿನ ಮೇಲೆ ಕಣ್ಣು ನೆಟ್ಟ.

ಅಕ್ಕ ಹೇರ್‌ಪಿನ್ನಿನ ಪೊಟ್ಟಣವೊಂದನ್ನು ಕೊಂಡು, ತಂಗಿಯ ಕೈ ಹಿಡಿದೆಳೆದಳು.

“ನಡಿಯೇ. ನಾಳೆ ಬೆಳಗ್ಗೆ ಸಕ್ಕರೆ ಕೇಳೋ ನೆಪದಲ್ಲಿ ಪಕ್ಕದ ಮನೆಗೆ ಹೋಗ್ಬೇಕು.”