ಕೊನೆಯ ಬಾಗಿಲ ಹ್ಯಾಂಡಲ್

ದೇಶದ ಹಳೆಯ ಕಾರು ಕಂಪನಿ ಮುಚ್ಚಿದ ವಾರ, ಬಿಡಿಭಾಗಗಳ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದ ದಂಪತಿ ನಿಂತಿದ್ದರು. ಕೇಳಿಸಿದಷ್ಟನ್ನೇ ಬರೆದಿದ್ದೇನೆ, ಒಂದೆರಡು ಪದ ತಪ್ಪಿರಬಹುದು.

“ಬಾಗಿಲ ಹ್ಯಾಂಡಲ್ ಇದೊಂದೇ ಉಳಿದಿರೋದಂತೆ ಕಣೇ.”

“ಮೂವತ್ತು ವರ್ಷ ಅದೇ ಕಾರ್ಖಾನೇಲಿ ಬಾಗಿಲು ಜೋಡಿಸಿದ್ರಿ. ನಮ್ಮ ಕಾರಲ್ಲಿ ನನ್ನ ಕಡೆ ಬಾಗಿಲು ಮಾತ್ರ ಹೊರಗಿಂದ ತೆಗೆಯೋಕೆ ಬರಲ್ಲ!”

“ನಾನೇ ಒಳಗಿಂದ ಕೈ ಚಾಚಿ ತೆಗೀತೀನಲ್ಲ?”

“ಹೂಂ, ಮಹಾರಾಜರ ಹಾಗೆ, ಕೂತಲ್ಲಿಂದಲೇ.”

“ಕಂಪನಿಯೇ ಹೋಯ್ತು, ಇನ್ಮೇಲೆ ಇದು ಸಿಗಲ್ಲ. ನಾಳೆ ನಾನಿಲ್ದೆ ಮಗಳು ಓಡಿಸಿದ್ರೆ, ಅವಳ ಕೈ ಅಷ್ಟು ದೂರ ಎಟುಕಲ್ಲ.”

ಹೆಂಡತಿ ತಮ್ಮ ಚೀಲದ ಬಾಯಿ ಬಿಚ್ಚಿದರು.

“ತಗೊಳ್ಳಿ. ಆದ್ರೆ ಹಾಕೋಕೆ ಆತುರ ಬೇಡ.”

ಪೊಟ್ಟಣವನ್ನು ಅವರೇ ಇಸಿದುಕೊಂಡು, ಚೀಲದ ತಳಕ್ಕೆ ತುರುಕಿ, ಗಂಡನಿಗಿಂತ ಮೊದಲು ಹೊರಗೆ ನಡೆದರು.