ಎಡಗಡೆಯ ಸಹಿ

...ಅಯ್ಯೋ, ಭೂತಗನ್ನಡಿ ಯಾತಕ್ಕೆ ಮರ್ಲ್? ಬರಿಗಣ್ಣಿಗೇ ಕಾಣುತ್ತಲ್ಲ! ಇಪ್ಪತ್ತು ಡಾಲರಿನ ನೋಟು, ಊರೂರ ಬ್ಯಾಂಕೂ ತನ್ನದೇ ನೋಟು ಹೊರಡಿಸ್ತಿದ್ದ ಕಾಲದ್ದು, ನಮ್ಮ ಹಾರ್ಲೋ ಕ್ರೀಕ್ ಬ್ಯಾಂಕಿಂದು. ಈ ಒಮಾಹಾ ಹಳೇ ನೋಟಿನ ಪ್ರದರ್ಶನದಲ್ಲಿ ವ್ಯಾಪಾರಿಗಳು ಅಷ್ಟೊಂದು ಮೇಜು ಹಾಕ್ಕೊಂಡು ಕೂತಿದೀರಲ್ಲ, ಆ ಊರಿನ ಇನ್ನೊಂದು ನೋಟು ತೋರ್ಸಿ, ಮೀಸೆ ಬೋಳಿಸ್ಕೋತೀನಿ! ನಗ್ಬೇಡ. ನಲವತ್ತು ವರ್ಷ ಹಳೇ ನೋಟು ಕೂಡಿಹಾಕೋದ್ರಲ್ಲೇ ಸವೆದೋನು ನಾನು.

ಕ್ಯಾಷಿಯರ್ ಸಹಿ ನೋಡು, ಎಡಗಡೆ; ಬಲಗಡೆ ಇರೋದು ಬ್ಯಾಂಕಿನ ಅಧ್ಯಕ್ಷಂದು. ನಮ್ಮಪ್ಪ! ಅಡುಗೆಮನೆ ಮೇಜಿನ ಮೇಲೆ ಹಾಳೆ ಹಾಳೆ ಹರಡ್ಕೊಂಡು ಸಹಿ ಹಾಕೋನಂತೆ. ನಮ್ಮಕ್ಕ ಓಪಲ್ ಪಕ್ಕದಲ್ಲಿ ನಿಂತು ಶಾಯಿ ಊದಿ ಊದಿ ಒಣಗಿಸೋಳಂತೆ. ನಾನಿನ್ನೂ ತೊಟ್ಟಿಲಲ್ಲಿ... ಕೇಳಿಸ್ಕೋತಿದೀಯಾ?

ನೀನೇ ಹೇಳಿದ್ದು ತಾನೇ, ಹೋದ ತಿಂಗಳು ನಾನು ಕಳಿಸಿದ ಫೋಟೋ ನೋಡಿ, ಒಂಬತ್ತು ಸಾವಿರ ಅಂತ? ಅಷ್ಟಿದ್ರೆ ಓಪಲ್ ಕಣ್ಣಿನ ಆಪರೇಷನ್ ಆಗುತ್ತೆ ಮಾರಾಯ. ವಿಮೆಯೋರು ಕೈಯೆತ್ತಿಬಿಟ್ರು. ಡಾಕ್ಟ್ರು ಕ್ರಿಸ್‌ಮಸ್ ದಾಟಿಸ್ಬೇಡಿ ಅಂತಾರೆ. ಎಂಟೂವರೆ ಕೊಡು, ಹೋಗ್ಲಿ. ಎಂಟು?

ಆ ಫೋಟೋ ಯಾಕೆ ಹೊರಗೆ ತೆಗೀತೀಯ? ಬೇಡ... ನೋಟಿನ ಪಕ್ಕದಲ್ಲಿ ಇಡ್ಬೇಡ ಅಂದ್ನಲ್ಲ! ಫೋಟೋದಲ್ಲಿ ಸಹಿ ಮಾಸಿದ ಹಾಗೆ ಕಾಣುತ್ತೆ, ಬೆಳಕಿರಲಿಲ್ಲ ಅವತ್ತು. ನನ್ನ ಮೇಲೇ ಅನುಮಾನಾನಾ? ಹಳೇ ನೋಟಿಗೆ ಇಸ್ತ್ರಿ ಹಾಕ್ಬೇಡಿ, ಉಜ್ಜಬೇಡಿ, ಮುಟ್ಟಲೇಬೇಡಿ ಅಂತ ನಮ್ಮ ಸಂಗ್ರಹಕಾರರ ಸಂಘಕ್ಕೆ ಬಂದ ಹೊಸಬರಿಗೆಲ್ಲ ಬೈದು ಬೈದು ಬುದ್ಧಿ ಹೇಳಿದೋನು ನಾನು! ನಾನು ಅಂಥ ಕೆಲಸ...

ಭೂತಗನ್ನಡಿ ಎಡಗಡೆಗೇ ಒಯ್ತೀಯಲ್ಲೋ.

ಬೈದಾದ್ರೂ ಬೈ ಮರ್ಲ್. ಹಾಗೆ ನೋಡ್ಬೇಡ.

...ಹೂಂ. ನಾನೇ. ಮೊನ್ನೆ ಭಾನುವಾರ. ಮಾರೋಕೆ ಮುಂಚೆ ಅಪ್ಪನ ಸಹಿ ಒಂದೇ ಒಂದ್ಸಲ ನೋಡ್ಬೇಕು ಕಣೋ ಆರ್ಲೋ ಅಂದ್ಲು ಓಪಲ್. ಮಾಸಿ ಹೋಗಿತ್ತಲ್ಲ, ಅವಳಿಗೆಲ್ಲಿ ಕಾಣ್ಬೇಕು? ಮುಖಕ್ಕೆ ಹಿಡ್ಕೊಂಡು ಹಿಡ್ಕೊಂಡು ಸೋತು ಹೋದ್ಲು. ನನಗೆ ತಡೆಯೋಕಾಗ್ಲಿಲ್ಲ. ಒಳಗೆ ಹೋಗಿ ಪೆನ್ನು ತಗೊಂಡೆ. ಅಪ್ಪನ ಗೆರೆ ಮೇಲೇ ಗೆರೆ ಎಳೆದೆ, ಉಸಿರು ಬಿಗಿಹಿಡಿದು. ಬೆಲೆ ಬಿದ್ದುಹೋಗುತ್ತೆ ಅಂತ ಗೊತ್ತಿತ್ತು ಕಣಯ್ಯಾ, ನನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ! ನಿನ್ನ ಕಣ್ಣು ತಪ್ಪಿಸ್ಬಹುದು ಅಂದ್ಕೊಂಡೆ...

ತಂದು ಅವಳ ಕೈಗೆ ಕೊಟ್ಟೆ. ಬೆರಳಿಟ್ಟು, "ಈಗ ಕಾಣ್ತು ನೋಡು! ಅಪ್ಪಂದೇ!" ಅಂತ ಗೊಳೋ ಅಂತ ಅತ್ಲು.

ಬಲಗಡೆ ಇಟ್ಟಿದ್ಲು ಮರ್ಲ್, ಬೆರಳನ್ನ. ಬಲಗಡೆ.